ಮಗುವನ್ನು ಗೆಳೆಯರ ಮನೆಗೆ ರಾತ್ರಿ ಉಳಿಯಲು ಕಳಿಸುವುದು ಹೇಗೆ: 11 ಗಂಟೆಯ ಫೋನ್ ತಪ್ಪಿಸುವ ಕ್ರಮ

ಶನಿವಾರ ರಾತ್ರಿ 11ಕ್ಕೆ ಫೋನ್ ಬರುತ್ತದೆ. ಆ ಕಡೆಯಿಂದ ಬಿಕ್ಕುವ ದನಿ: "ಅಮ್ಮಾ, ಬಂದು ಕರ್ಕೊಂಡೋಗು." ಚಿಕ್ಕಮಗಳೂರಿನ ನಮ್ಮ ಬೀದಿಯೊಂದರಲ್ಲೇ ಎರಡು ರಜೆಗಳಲ್ಲಿ ನಾಲ್ಕು ಮನೆಗಳಿಗೆ ಈ ಫೋನ್ ಬಂದಿದೆ. ಮೊದಲನೆಯದು ನಮ್ಮ ಮನೆಗೇ. ಆಮೇಲೆ ಎಲ್ಲರೂ ಕೇಳುವುದು ಒಂದೇ: "ಬ್ಯಾಗಿಗೆ ಎಲ್ಲಾ ಹಾಕಿದ್ವಲ್ಲ, ಎಲ್ಲಿ ತಪ್ಪಾಯ್ತು?"

ತಪ್ಪು ಬ್ಯಾಗಿನಲ್ಲಿಲ್ಲ, ಕ್ರಮದಲ್ಲಿದೆ. ಬ್ಯಾಗ್ ತುಂಬುವುದು ಆರನೆಯ ಹಂತ. ನಾವೆಲ್ಲ ಅಲ್ಲಿಂದಲೇ ಶುರು ಮಾಡುತ್ತೇವೆ. ಅದಕ್ಕಿಂತ ಮೊದಲಿನ ಐದನ್ನು ಹಾರಿಸಿ, ಸಂಜೆ ಗೇಟಿನ ಹತ್ತಿರ ಬಿಟ್ಟು, ಒಳ್ಳೆಯದಾಗಲಿ ಅಂತ ಕೂರುತ್ತೇವೆ.

ನಮ್ಮ ಕಡೆ ಇನ್ನೊಂದು ತೊಡಕೂ ಇದೆ. ಬೆಂಗಳೂರಿನಲ್ಲಾದರೆ ಅಳುವ ಮಗುವನ್ನು ಆಟೋ ಮಾಡಿಕೊಂಡು ಹೋಗಿ ಕರೆತರಬಹುದು. ಆಲ್ದೂರು, ಮೂಡಿಗೆರೆ, ಬೇಲೂರು, ಸಕಲೇಶಪುರದ ತೋಟದ ರಸ್ತೆಯಲ್ಲಿ ಆ ಹೊತ್ತಿಗೆ ಆನೆ ನಿಂತಿರಬಹುದು.

ಹಂತ 1: ವಯಸ್ಸು ಬಿಡಿ, ಮಗು ಏನು ಮಾಡುತ್ತದೆ ನೋಡಿ

ಎಷ್ಟನೇ ಕ್ಲಾಸಿನ ಮಕ್ಕಳನ್ನು ಕಳಿಸಬಹುದು ಅಂತ ಕೇಳುವವರೇ ಹೆಚ್ಚು. 7 ವರ್ಷಕ್ಕೇ ನಿಶ್ಚಿಂತೆಯಿಂದ ಬೇರೆ ಮನೆಯಲ್ಲಿ ಮಲಗುವ ಮಕ್ಕಳಿದ್ದಾರೆ. 11 ತುಂಬಿದರೂ ಅಪ್ಪನ ಮೇಲೆ ಕಾಲು ಹಾಕದೆ ನಿದ್ದೆ ಬಾರದವರೂ ಇದ್ದಾರೆ. ನೋಡಬೇಕಾದ್ದು ಬೇರೆ. ರಾತ್ರಿ ಎಚ್ಚರವಾದರೆ ಒಬ್ಬರೇ ಎದ್ದು ಬಾತ್‌ರೂಮಿಗೆ ಹೋಗಿ ಬಂದು ಮತ್ತೆ ಮಲಗುತ್ತಾರಾ? ಮನೆಯವರಲ್ಲದ ದೊಡ್ಡವರ ಹತ್ತಿರ ಬಾಯಿ ಬಿಟ್ಟು ಏನಾದರೂ ಕೇಳುತ್ತಾರಾ? ಅಪ್ಪ, ಅಮ್ಮ ಇಬ್ಬರೂ ಇಲ್ಲದೆ ಒಂದು ರಾತ್ರಿ ಎಲ್ಲಾದರೂ ಕಳೆದಿದ್ದಾರಾ? ಈ ಮೂರರಲ್ಲಿ ಎರಡನೆಯದೇ ಮುಖ್ಯ. ಅಳುವ ಮಕ್ಕಳಲ್ಲಿ ಬಹಳಷ್ಟು ಜನ ಹೆದರಿ ಅಳುವುದಿಲ್ಲ, ಕೇಳಲು ನಾಚಿಕೆಪಟ್ಟು ಅಳುತ್ತಾರೆ.

"ಅಜ್ಜಿ ಮನೇಲಿ ಹದಿನೈದು ದಿನ ಇರ್ತಾಳಲ್ಲ" ಎನ್ನುವ ಲೆಕ್ಕ ಇಲ್ಲಿ ಪೂರ್ತಿ ನಡೆಯುವುದಿಲ್ಲ. ಅಜ್ಜಿ ಮನೆಯಲ್ಲಿ ಮಗು ಕೇಳುವ ಮೊದಲೇ ಅಜ್ಜಿಗೆ ಗೊತ್ತಾಗಿರುತ್ತದೆ. ಗೆಳತಿಯ ಮನೆಯಲ್ಲಿ ನೀರು ಬೇಕಾದರೂ ಕೇಳಬೇಕು.

ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಗುವನ್ನು ಕಳಿಸಲೇಬಾರದು ಅಂತೇನಿಲ್ಲ. 5 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 15 ಮಂದಿಗೆ ಇದು ಇರುತ್ತದೆ, ಬೆಳೆಯುತ್ತಾ ಹೋದಂತೆ ಕಡಿಮೆಯಾಗುತ್ತದೆ. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ಆ ಮನೆಯವರಿಗೆ ಮುಚ್ಚಿಟ್ಟು ಕಳಿಸಬೇಡಿ. ಆರು ತಿಂಗಳಿಗೂ ಹೆಚ್ಚು ಕಾಲ ನಿಂತಿದ್ದು ಈಗ ಮತ್ತೆ ಶುರುವಾಗಿದ್ದರೆ ಮೊದಲು ವೈದ್ಯರ ಹತ್ತಿರ ಹೋಗಿ, ಉಳಿಯುವ ಮಾತು ಆಮೇಲೆ.

ಹಂತ 2: ಮನೆ, ದೂರ, ದಿನ

ಮೊದಲ ಸಲಕ್ಕೆ ನನ್ನ ನಿಯಮ ಒಂದೇ. ರಾತ್ರಿ ಯಾವ ಹೊತ್ತಿನಲ್ಲಾದರೂ ಅರ್ಧ ಗಂಟೆಯೊಳಗೆ ತಲುಪಬಹುದಾದ ಮನೆ. ಊರೊಳಗಿನ ಮನೆಯಾದರೆ ಇನ್ನೂ ಒಳ್ಳೆಯದು. ತೋಟದ ಮನೆ ಎರಡನೇ ಸಲಕ್ಕೋ ಮೂರನೇ ಸಲಕ್ಕೋ ಇರಲಿ.

ಈ ನಿಯಮ ಹುಟ್ಟಿದ್ದು ಹೀಗೆ. ನಮ್ಮ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಆಲ್ದೂರು ದಾಟಿ ಒಳಗಿನ ಒಂದು ತೋಟಕ್ಕೆ ಕಳಿಸಿದೆವು. 11 ಗಂಟೆ 10 ನಿಮಿಷಕ್ಕೆ ಫೋನ್. ಚಪ್ಪಲಿ ಹುಡುಕುವ ತಾಳ್ಮೆಯೂ ಇಲ್ಲದೆ ಇಬ್ಬರೂ ಕಾರು ಹತ್ತಿದೆವು. ತೋಟದ ಗೇಟು ಇನ್ನು ಎರಡು ಕಿಲೋಮೀಟರ್ ಇದೆ ಎನ್ನುವಾಗ ತೋಟದ ಆಳುಗಳ ಲೈನ್ ಮನೆಗಳ ಹತ್ತಿರ ಇಬ್ಬರು ಟಾರ್ಚ್ ಆಡಿಸಿ ನಿಲ್ಲಿಸಿದರು. "ಮುಂದೆ ಹೋಗ್ಬೇಡಿ ಸಾರ್, ತಿರುವಲ್ಲೇ ಅವೆ. ಮರಿನೂ ಐತೆ." ಲೈಟ್ ಆರಿಸಿ, ಎಂಜಿನ್ ನಿಲ್ಲಿಸಿ, ಗಾಜು ಏರಿಸಿ ಕೂತೆವು. ಬಿದಿರು ಮುರಿಯುವ ಸದ್ದು ಕೇಳಿಸುತ್ತಿತ್ತು. ನೆಟ್‌ವರ್ಕ್ ಇಲ್ಲ. ತೋಟದ ಮನೆ ಮುಟ್ಟಿದಾಗ ಒಂದು ಗಂಟೆ ದಾಟಿತ್ತು. ಬಾಗಿಲು ತೆಗೆದ ಗೆಳತಿಯ ಅಮ್ಮ ಪಿಸುಗುಟ್ಟಿದರು: "ನೀವು ಹೊರಟ್ರಿ ಅಂತ ಹೇಳಿದ್ದೇ ತಡ, ಹತ್ತು ನಿಮಿಷಕ್ಕೆ ನಿದ್ದೆ ಮಾಡ್ಬಿಟ್ಲು."

ಅಲ್ಲಿಗೂ ಬುದ್ಧಿ ಬರಲಿಲ್ಲ. ಮಲಗಿದ್ದವಳನ್ನು ಎಬ್ಬಿಸಿ ಕರೆತಂದೆವು, ದಾರಿಯುದ್ದಕ್ಕೂ ಅತ್ತಳು, ಈ ಸಲ ಯಾಕೆ ಎಬ್ಬಿಸಿದಿರಿ ಅಂತ.

ತೋಟದ ಮನೆಗೇ ಕಳಿಸುವುದಾದರೆ, ಕತ್ತಲಾದ ಮೇಲೆ ನೀವು ಬರುವುದಿಲ್ಲ, ಬೆಳಗಾದ ಮೇಲೆಯೇ ಬರುವುದು ಎನ್ನುವುದನ್ನು ನೀವು, ಆ ಮನೆಯವರು, ಮಗು ಮೂವರೂ ಮೊದಲೇ ಒಪ್ಪಿರಬೇಕು. ಅವತ್ತು ಸಂಜೆ ಅರಣ್ಯ ಇಲಾಖೆಯ ಎಚ್ಚರಿಕೆ, ಊರಿನ ವಾಟ್ಸಾಪ್ ಗುಂಪು ಎರಡನ್ನೂ ನೋಡಿ. ಆನೆ ಆ ಕಡೆ ಇದೆ ಅಂತ ಬಂದಿದ್ದರೆ ಇನ್ನೊಂದು ಶನಿವಾರ ನೋಡಿಕೊಳ್ಳಿ.

ದಿನದ ಬಗ್ಗೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನ ಕಡೆಯ ಮನೆಗೆ ಮೊದಲ ಸಲ ಬೇಡ. ಮರ ಬಿದ್ದು ಕರೆಂಟು ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಕಾಫಿ ಕೊಯ್ಲಿನ ಕಾಲವೂ ಬೇಡ. ಅರೇಬಿಕಾ ನವೆಂಬರ್‌ನಿಂದ, ರೋಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ ಎಳೆಯುತ್ತದೆ. ಆಗ ಮನೆಯವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ, ಕಣದಲ್ಲಿ ಗಾಡಿಗಳ ಓಡಾಟ, ಹೊರಗಿನಿಂದ ಬಂದ ಆಳುಗಳು. ದಸರಾ ರಜೆ ಅಥವಾ ಏಪ್ರಿಲ್, ಮೇ ಸರಿಯಾದ ಸಮಯ. ಮರುದಿನ ಭಾನುವಾರವೇ ಇರಲಿ.

ಒಬ್ಬ ಗೆಳೆಯ, ಒಂದು ಮನೆ. ಮೂವರು ಸೇರಿದರೆ ಇಬ್ಬರು ಒಂದಾಗಿ ಒಬ್ಬರು ಗೋಡೆ ನೋಡುತ್ತಾ ಮಲಗುತ್ತಾರೆ. ಹುಟ್ಟುಹಬ್ಬದ ರಾತ್ರಿಯನ್ನು ಇದಕ್ಕೆ ಜೋಡಿಸಬೇಡಿ.

ಹಂತ 3: ದೊಡ್ಡವರು ದೊಡ್ಡವರ ಹತ್ತಿರ ಮಾತಾಡಬೇಕು

ವಾಟ್ಸಾಪ್‌ನಲ್ಲಿ ಹೆಬ್ಬೆರಳು ಎತ್ತಿದ ಚಿತ್ರ ಬಂತು ಅಂದರೆ ಒಪ್ಪಿಗೆ ಸಿಕ್ಕಿತು ಅಂತಲ್ಲ. ಫೋನ್ ಮಾಡಿ. ಹೆಚ್ಚಿನವರು ಇಲ್ಲಿ ಸಂಕೋಚಪಟ್ಟು ಹಂತವನ್ನೇ ಬಿಟ್ಟುಬಿಡುತ್ತಾರೆ, "ಅನುಮಾನ ಪಡ್ತಾರೆ ಅನ್ಕೋತಾರೇನೋ" ಅಂತ. ಆ ಮುಜುಗರ ತಪ್ಪಿಸಲು ಒಂದು ಉಪಾಯವಿದೆ. ಮೊದಲು ನಿಮ್ಮ ಮಗುವಿನ ತೊಂದರೆಗಳನ್ನು ಹೇಳಿಕೊಳ್ಳಿ, ಅದರ ಹಿಂದೆಯೇ ಪ್ರಶ್ನೆ ಬರಲಿ:

"ಅಕ್ಕಾ, ನಮ್ಮವಳದ್ದು ಸ್ವಲ್ಪ ಹೇಳಿಬಿಡ್ತೀನಿ. ರಾತ್ರಿ ಒಂದ್ಸಲ ಏಳ್ತಾಳೆ, ಕತ್ತಲೆ ಅಂದ್ರೆ ಹೆದರಿಕೆ. ಮೊಟ್ಟೆ, ಮಾಂಸ ತಿನ್ನಲ್ಲ. ಅವಳಿಗೋಸ್ಕರ ನಿಮ್ಮ ಅಡುಗೆ ಬದಲಾಯಿಸ್ಬೇಡಿ, ಮೊಸರನ್ನ ಇದ್ರೆ ಸಾಕು. ಅವತ್ತು ರಾತ್ರಿ ಮನೇಲಿ ಯಾರ್ಯಾರು ಇರ್ತೀರಿ? ಇಬ್ಬರನ್ನೂ ಎಲ್ಲಿ ಮಲಗಿಸ್ತೀರಿ?"

ಊಟದ ವಿಷಯ ನಮ್ಮ ಕಡೆ ನಾಜೂಕು. ಆ ಮನೆಯಲ್ಲಿ ಅವತ್ತು ಏಡಿ ಸಾರು ಇರಬಹುದು, ನಿಮ್ಮ ಮನೆಯಲ್ಲಿ ಈರುಳ್ಳಿಯೂ ನಡೆಯದಿರಬಹುದು. ನಿಮ್ಮ ಮಗು ಏನು ತಿನ್ನುವುದಿಲ್ಲ ಅಂತ ಹೇಳಿ, ಅವರು ಏನು ಮಾಡಬಾರದು ಅಂತ ಹೇಳಬೇಡಿ.

ಅಲರ್ಜಿ, ಉಬ್ಬಸ, ಜ್ವರ ಬಂದರೆ ಫಿಟ್ಸ್ ಬರುವ ಅಭ್ಯಾಸ ಇದ್ದರೆ ಬಾಯಲ್ಲಿ ಹೇಳಿದ್ದು ಸಾಲದು, ಚೀಟಿಯಲ್ಲೂ ಬರೆದುಕೊಡಿ.

ಆಮೇಲೆ ಮನೆಯ ಸುತ್ತಮುತ್ತ. ಇದನ್ನು ಕೇಳಲೇಬೇಕು:

ನೀರು. ಬಾವಿಗೆ ಕಟ್ಟೆ ಇದೆಯೇ, ಸ್ಪ್ರಿಂಕ್ಲರ್‌ಗೆ ಮಾಡಿಸಿದ ಕೆರೆಗೆ ಬೇಲಿ ಇದೆಯೇ? ಎಲ್ಲಕ್ಕಿಂತ ಅಪಾಯ ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡ. ಕಡೂರು, ಅರಸೀಕೆರೆಯ ಬಯಲು ಕಡೆಯ ಹೊಲಗಳಲ್ಲೂ ಇವು ಇವೆ. ನೀರು ಕಡಿಮೆ ಕಂಡರೂ ಹಾಳೆ ಪಾಚಿ ಹಿಡಿದು ಜಾರುತ್ತದೆ; ಈಜು ಬರುವ ದೊಡ್ಡವರಿಗೇ ಹತ್ತಿ ಬರಲು ಆಗುವುದಿಲ್ಲ.

ನಾಯಿ. ತೋಟದ ನಾಯಿಗಳನ್ನು ರಾತ್ರಿ ಬಿಟ್ಟುಬಿಡುತ್ತಾರೆ. ಯಾವ ಹೊತ್ತಿಗೆ ಬಿಡುತ್ತಾರೆ, ಲಸಿಕೆ ಹಾಕಿಸಿದ್ದಾರಾ, ಬಾತ್‌ರೂಮು ಮನೆಯ ಹೊರಗಿದೆಯಾ?

ಕೋವಿ. ಲೈಸೆನ್ಸ್ ಇರುವ ಮನೆಗಳು ಈ ಜಿಲ್ಲೆಗಳಲ್ಲಿ ಬೇಕಾದಷ್ಟಿವೆ. ಬೀಗದೊಳಗಿರಬೇಕು, ತೋಟಾ ಬೇರೆ ಕಡೆ ಇರಬೇಕು.

ಹೊಗೆ ಕಾಣದ ವಿಷ. ಕಿಟಕಿ ಇಲ್ಲದ ಬಾತ್‌ರೂಮಿನೊಳಗೇ ಗ್ಯಾಸ್ ಗೀಸರ್ ಇದ್ದರೆ ಮಗು ಅಲ್ಲಿ ಸ್ನಾನ ಮಾಡುವುದು ಬೇಡ, ಮನೆಗೆ ಬಂದು ಮಾಡಲಿ. ಚಳಿಗೆ ಅಂತ ಮಲಗುವ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕುವುದೂ ಅಷ್ಟೇ ಕೆಟ್ಟದ್ದು. ಎರಡರಿಂದಲೂ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಚ್ಚಲೊಲೆ ಹೊರಗೆ ಉರಿಯುವ ಹಳೆಯ ಹಂಡೆಯೇ ಈ ವಿಷಯದಲ್ಲಿ ವಾಸಿ.

ಆನೆಗೆ ಹಾಕಿದ, ಮುಟ್ಟಿದರೆ ಶಾಕ್ ಹೊಡೆಯುವ ಸೋಲಾರ್ ಬೇಲಿ ಇದ್ದರೆ ಅದನ್ನು ಮಕ್ಕಳಿಗೆ ಹಗಲಲ್ಲೇ ತೋರಿಸಲು ಹೇಳಿ. ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ಕಡೆಯಾದರೆ ಡಿಸೆಂಬರ್‌ನಿಂದ ಮೇವರೆಗೆ ಮಕ್ಕಳು ಕಾಡಂಚಿಗೆ ಆಡಲು ಹೋಗುವುದು ಬೇಡ. ಮಂಗನ ಕಾಯಿಲೆ ಹರಡುವ ಉಣ್ಣೆ ಹುಳ ಹೆಚ್ಚಾಗುವ ಕಾಲ ಅದು.

ಒಬ್ಬರು ನನ್ನನ್ನು ನೇರವಾಗಿಯೇ ಕೇಳಿದರು, "ನಮ್ಮ ಮನೆ ಮೇಲೆ ನಂಬಿಕೆ ಇಲ್ವಾ?" ಅಂತ. "ನಿಮ್ಮ ಮೇಲಿದೆ ಅಂತಲೇ ಕಳಿಸ್ತಿರೋದು. ನಿಮ್ಮ ಬಾವಿಗೆ ಇವಳು ಯಾರ ಮಗಳು ಅಂತ ಗೊತ್ತಾಗಲ್ವಲ್ಲ" ಅಂದೆ. ನಕ್ಕರು. ಮರುದಿನವೇ ಬಾವಿಗೆ ಜಾಲರಿ ಹಾಕಿಸಿದರು.

ಆದರೆ ರಾತ್ರಿ ಮನೆಯಲ್ಲಿ ಯಾರಿರುತ್ತಾರೆ ಎನ್ನುವ ಒಂದು ಪ್ರಶ್ನೆಗೆ ಉತ್ತರ ಜಾರಿಸಿದರೆ ಕಳಿಸಬೇಡಿ. ಉಳಿದದ್ದರಲ್ಲಿ ಹೊಂದಾಣಿಕೆ ಮಾಡಿಕೊಳ್ಳಬಹುದು, ಇದರಲ್ಲಿ ಆಗದು.

ಹಂತ 4: ಮಗುವಿನ ಹತ್ತಿರ ಮಾತು, ಬಾಯಿಪಾಠ ಸಮೇತ

ಎರಡು ಮೂರು ದಿನ ಮೊದಲು, ಅನ್ನ ಕಲಸುತ್ತಲೋ ತಲೆ ಬಾಚುತ್ತಲೋ ಹೇಳಿ. ಹೊರಡುವ ಗಡಿಬಿಡಿಯಲ್ಲಿ ಹೇಳಿದ್ದು ತಲೆಗೆ ಹೋಗುವುದಿಲ್ಲ.

ಮೊದಲು ಕೇಳುವ ಅಭ್ಯಾಸ. "ಆಂಟಿ, ನೀರು ಬೇಕು." "ಆಂಟಿ, ಬಾತ್‌ರೂಮ್ ಎಲ್ಲಿ?" "ಆಂಟಿ, ನಿದ್ದೆ ಬರ್ತಿಲ್ಲ." ಈ ಮೂರು ವಾಕ್ಯಗಳನ್ನು ಜೋರಾಗಿ ಹೇಳಿಸಿ. ನೀವೇ ಆಂಟಿ ಆಗಿ. ನಗು ಬರುತ್ತದೆ, ಬರಲಿ. ಮನಸ್ಸಿನಲ್ಲಿ ಗೊತ್ತಿದ್ದ ಮಾತು ರಾತ್ರಿ ಹನ್ನೊಂದಕ್ಕೆ ನಾಲಿಗೆಗೆ ಬರುವುದಿಲ್ಲ; ಒಮ್ಮೆ ಆಡಿದ ಮಾತು ಬರುತ್ತದೆ.

ಎರಡನೆಯದು ಗುಟ್ಟಿನ ಮಾತು. ಎಲ್ಲರ ಮುಂದೆ "ಕರ್ಕೊಂಡೋಗು" ಅನ್ನಲು ಮಕ್ಕಳಿಗೆ ಅವಮಾನ. ನಮ್ಮ ಮನೆಯಲ್ಲಿ "ಬೆಕ್ಕಿಗೆ ಹಾಲು ಹಾಕಿದ್ರಾ?" ಅಂದರೆ "ಬಂದು ಕರ್ಕೊಂಡೋಗಿ" ಅಂತ ಅರ್ಥ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ, ಹಾಗಾಗಿ ತಪ್ಪಿಯೂ ಆ ಮಾತು ಬರುವುದಿಲ್ಲ. ಹಾಗೆ ಕೇಳಿದರೆ ನಾವೇ ಏನೋ ನೆಪ ಹೇಳಿ ಹೊರಡುತ್ತೇವೆ, ಬೈಗುಳ ಇರುವುದಿಲ್ಲ ಎಂದು ಮಾತು ಕೊಡಿ, ಮಾತಿಗೆ ತಪ್ಪಬೇಡಿ.

ಮೂರನೆಯದು ಮೈಯ ವಿಷಯ. ಚಡ್ಡಿ, ಬನಿಯನ್ ಮುಚ್ಚುವ ಜಾಗವನ್ನು ಯಾರೂ ಮುಟ್ಟಬಾರದು, ನೋಡಬಾರದು, ಫೋಟೋ ತೆಗೆಯಬಾರದು. ಅಣ್ಣ, ಮಾಮ, ತಾತ, ಗೆಳತಿ ಯಾರೇ ಆಗಲಿ. "ಅಮ್ಮಂಗೆ ಹೇಳ್ಬೇಡ" ಅಂತ ಯಾರು ಏನು ಹೇಳಿದರೂ ಅದನ್ನೇ ಮೊದಲು ಅಮ್ಮನಿಗೆ ಹೇಳಬೇಕು. ಬಟ್ಟೆ ಬದಲಾಯಿಸುವುದು ಬಾಗಿಲು ಹಾಕಿಕೊಂಡು. ಗಂಡು ಮಕ್ಕಳಿಗೂ ಇಷ್ಟನ್ನೂ ಹೇಳಿ. ಹೆಣ್ಣು ಮಕ್ಕಳಿಗೆ ಮಾತ್ರ ಹೇಳಿ ಕೈ ತೊಳೆದುಕೊಳ್ಳುವ ಮನೆಗಳೇ ಹೆಚ್ಚು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಗಂಡು, ಹೆಣ್ಣು ಅಂತ ಭೇದ ಮಾಡದೆ 18 ತುಂಬದ ಎಲ್ಲರಿಗೂ ಅನ್ವಯಿಸುತ್ತದೆ.

ಹಂತ 5: ಅರ್ಧ ರಾತ್ರಿಯ ತಾಲೀಮು

ಎಲ್ಲರೂ ಬಿಡುವ ಹಂತ ಇದು. ನನ್ನ ಪ್ರಕಾರ ಫೋನ್ ಬರುವ ಮನೆಗೂ ಬಾರದ ಮನೆಗೂ ಇರುವ ವ್ಯತ್ಯಾಸ ಇದೊಂದೇ.

ಉಳಿಯುವ ವಾರಕ್ಕೆ ಮೊದಲಿನ ಶನಿವಾರ ಮಗು ಅದೇ ಮನೆಗೆ ಸಂಜೆ ಹೋಗಲಿ. ಆಡಲಿ, ಊಟ ಮಾಡಲಿ, ಹಲ್ಲುಜ್ಜಲಿ, ಮಲಗುವ ಬಟ್ಟೆ ಹಾಕಿಕೊಳ್ಳಲಿ, ಹಾಸಿಗೆಯ ಮೇಲೆ ಕೂತು ಅರ್ಧ ಗಂಟೆ ಹರಟಲಿ. ರಾತ್ರಿ ಒಂಬತ್ತೂವರೆಗೆ ನೀವು ಹೋಗಿ ಕರೆತನ್ನಿ. ತರುವುದು ಮೊದಲೇ ಗೊತ್ತಿರುವುದರಿಂದ ಮಗುವಿಗೆ ಸೋತ ಭಾವ ಇರುವುದಿಲ್ಲ. ಬರುವಾಗ ಕಾರಿನಲ್ಲೋ ಬೈಕಿನಲ್ಲೋ "ಅಯ್ಯೋ, ಇಷ್ಟು ಬೇಗ ಬಂದ್ರಾ" ಅಂತ ಗೊಣಗಿದರೆ ಮುಂದಿನ ವಾರಕ್ಕೆ ಸಿದ್ಧ. ಬಾಗಿಲಲ್ಲೇ ಚಪ್ಪಲಿ ಹಾಕಿಕೊಂಡು ಕಾಯುತ್ತಿದ್ದರೆ ಇನ್ನೊಂದು ತಾಲೀಮು ಬೇಕು.

ತೋಟದ ಮನೆಗೆ ಈ ತಾಲೀಮು ಆಗುವುದಿಲ್ಲ. ಅದಕ್ಕೇ ಮೊದಲು ಊರೊಳಗಿನ ಮನೆ ಅಂದದ್ದು.

ಹಂತ 6: ಬ್ಯಾಗ್

ಇದಕ್ಕೆ ಹತ್ತು ನಿಮಿಷ ಸಾಕು. ಎರಡು ಜೊತೆ ಬಟ್ಟೆ, ಚಡ್ಡಿ ಮೂರು, ಬ್ರಷ್, ಟವೆಲ್, ಮನೆಯೊಳಗಿನ ಚಪ್ಪಲಿ, ಟಾರ್ಚ್. ಡಿಸೆಂಬರ್, ಜನವರಿಯಾದರೆ ಸ್ವೆಟರ್, ಟೋಪಿ. ಮಳೆ ಇನ್ನೂ ಬಿಡದ ದಿನಗಳಲ್ಲಿ ಉದ್ದ ಕಾಲುಚೀಲ, ಇಂಬಳ (ಜಿಗಣೆ) ಹತ್ತದಂತೆ.

ಹೊದಿಕೆ ಮಾತ್ರ ಮನೆಯದೇ ಇರಲಿ, ಮತ್ತು ತೊಳೆಯದೆ ಕಳಿಸಿ. ಮಾನ ಹೋಗುತ್ತದೆ ಅಂತ ಒಗೆದು, ಇಸ್ತ್ರಿ ಮಾಡಿ ಕಳಿಸುವವರಿದ್ದಾರೆ. ಕತ್ತಲೆಯಲ್ಲಿ ಮಗು ಮೂಗಿಗೆ ಒತ್ತಿಕೊಳ್ಳುವುದು ನಿಮ್ಮ ಮನೆಯ ವಾಸನೆಯನ್ನು, ಸೋಪಿನ ಪುಡಿಯದ್ದನ್ನಲ್ಲ.

ಔಷಧಿ ಮಗುವಿನ ಬ್ಯಾಗಿನಲ್ಲಿ ಬೇಡ, ಆ ಮನೆಯ ದೊಡ್ಡವರ ಕೈಗೆ. ಜೊತೆಗೆ ಚೀಟಿ: ಔಷಧಿಯ ಹೆಸರು, ವೈದ್ಯರು ಹೇಳಿದ ಪ್ರಮಾಣ, ಯಾವಾಗ ಕೊಡಬೇಕು, ನಿಮ್ಮಿಬ್ಬರ ಫೋನ್ ನಂಬರ್. ಮಗುವಿಗೆ ಬೇರೆ ಮೊಬೈಲ್ ಕೊಟ್ಟು ಕಳಿಸಬೇಡಿ. ಮೊಬೈಲ್ ಕೈಯಲ್ಲಿದ್ದರೆ ಆಂಟಿಯನ್ನು ಕೇಳುವ ಬದಲು ನಿಮಗೇ ಫೋನ್ ಬರುತ್ತದೆ. ಬರಿಗೈಯಲ್ಲಿ ಕಳಿಸುವುದೂ ಬೇಡ, ಒಂದು ಚಿಪ್ಪು ಬಾಳೆಹಣ್ಣಾದರೂ ಇರಲಿ.

ಹಂತ 7: ಬಿಟ್ಟು ಬರುವುದು

ಸಂಜೆ 4ಕ್ಕೆ, ಬೆಳಕಿರುವಾಗಲೇ ಬಿಡಿ. ಕತ್ತಲಾದ ಮೇಲೆ ಬಿಟ್ಟರೆ ಮಗು ಆ ಮನೆಯನ್ನು ನೋಡುವುದೇ ಹೆದರಿಕೆಯ ಬೆಳಕಿನಲ್ಲಿ. ಮಗುವಿನ ಜೊತೆ ಮಲಗುವ ಜಾಗದಿಂದ ಬಾತ್‌ರೂಮಿನವರೆಗೆ ಒಮ್ಮೆ ನಡೆಯಿರಿ. ಲೈಟಿನ ಸ್ವಿಚ್ ಎಲ್ಲಿ, ಚಿಲಕ ಹೇಗೆ, ಇಂಡಿಯನ್ನೋ ವೆಸ್ಟರ್ನೋ. ಹಳೆಯ ಹೆಂಚಿನ ಮನೆಗಳಲ್ಲಿ ಬಚ್ಚಲಿಗೆ ಹಿತ್ತಲು ದಾಟಿ ಹೋಗಬೇಕು; ಅಂಥ ಕಡೆ "ರಾತ್ರಿ ಒಬ್ಬಳೇ ಹೋಗ್ಬೇಡ, ಆಂಟಿನ ಎಬ್ಬಿಸು" ಅಂತ ಆಂಟಿಯ ಎದುರಿಗೇ ಹೇಳಿ. ಎಬ್ಬಿಸಲು ಅಪ್ಪಣೆ ಸಿಕ್ಕಿದ್ದು ಮಗುವಿಗೆ ಕಾಣಬೇಕು.

ಆಮೇಲೆ ಹೊರಡಿ. ಬೇಗ ಹೊರಡಿ. "ಅಳ್ಬೇಡ ಆಯ್ತಾ", "ಹೆದರ್ಕೋಬೇಡ ಆಯ್ತಾ" ಎನ್ನುವ ಮಾತುಗಳು ಅಳುವನ್ನೂ ಹೆದರಿಕೆಯನ್ನೂ ನೆನಪಿಸಲಿಕ್ಕೇ ಇರುವಂಥವು. "ನಾಳೆ ಹತ್ತಕ್ಕೆ ಬರ್ತೀನಿ" ಅಂದರೆ ಸಾಕು.

ಫೋನ್ ಒಂದೇ ಸಲ, ಸಂಜೆ ಏಳೂವರೆಗೆ, ಊಟಕ್ಕೆ ಮೊದಲು. ಮಲಗುವ ಹೊತ್ತಿಗೆ "ಗುಡ್‌ನೈಟ್" ಹೇಳಲು ಫೋನ್ ಮಾಡುವುದೇ ಅತಿ ಹೆಚ್ಚು ಕೆಲಸ ಕೆಡಿಸುವ ತಪ್ಪು. ಅಷ್ಟು ಹೊತ್ತು ಹಿಡಿದಿಟ್ಟುಕೊಂಡ ಮಗು ಅಮ್ಮನ ದನಿ ಕೇಳಿದ ಕೂಡಲೇ ಒಡೆದುಹೋಗುತ್ತದೆ. ನಿಮಗೆ ತಡೆಯಲಾಗದಿದ್ದರೆ ಆ ಮನೆಯವರಿಗೆ ಮೆಸೇಜ್ ಮಾಡಿ.

ಹಂತ 8: ಕರೆದ ಮನೆಯವರಿಗೆ, ಊಟದಿಂದ ನಿದ್ದೆಯವರೆಗೆ

ಇಡೀ ರಾತ್ರಿಯಲ್ಲಿ ಕಷ್ಟದ ಹೊತ್ತು ಈ ಒಂದೂವರೆ ಗಂಟೆ. ಆಟ ನಿಂತಿರುತ್ತದೆ, ನಿದ್ದೆ ಬಂದಿರುವುದಿಲ್ಲ.

ಊಟವನ್ನು ನಿಮ್ಮ ಮನೆಯ ಎಂದಿನ ಹೊತ್ತಿಗಿಂತ ಅರ್ಧ ಗಂಟೆ ಮೊದಲು ಮುಗಿಸಿ. ವಿಶೇಷ ಅಡುಗೆಗೆ ಹೋಗಬೇಡಿ. ಪತ್ರೊಡೆ, ಕಳಲೆ ಪಲ್ಯ ನಿಮ್ಮ ಹೆಮ್ಮೆ ಇರಬಹುದು, ಅಭ್ಯಾಸವಿಲ್ಲದ ಮಗುವಿಗೆ ಅದು ಗಂಟಲು ಕೆರೆತ, ಹೊಟ್ಟೆನೋವು. ಬೆಳಿಗ್ಗೆಯ ಅಕ್ಕಿ ರೊಟ್ಟಿಗೆ, ಕಡುಬಿಗೆ ಹೆಮ್ಮೆ ಉಳಿಸಿಕೊಳ್ಳಿ. "ಇನ್ನೊಂದು ಹಾಕ್ಕೋ" ಎಂಬ ನಮ್ಮ ಒತ್ತಾಯದ ಉಪಚಾರ ಮಕ್ಕಳಿಗೆ ಶಿಕ್ಷೆ.

ಒಂಬತ್ತಕ್ಕೆ ಟೀವಿ, ಮೊಬೈಲ್ ಬಂದ್. ದೆವ್ವದ ಕಥೆಗೆ ಪೂರ್ತಿ ನಿಷೇಧ, ಅದರಲ್ಲೂ ಮನೆಯ ಅಣ್ಣಂದಿರು ಹೇಳುವ "ಆ ಹಲಸಿನ ಮರದ ಹತ್ರ ಏನಾಯ್ತು ಗೊತ್ತಾ" ಕಥೆಗೆ.

ಮಲಗುವ ಮೊದಲು ನಿಮ್ಮ ಮನೆಯ ಸದ್ದುಗಳನ್ನು ಪರಿಚಯ ಮಾಡಿಸಿ. ನಿಮಗೆ ಕೇಳಿಸುವುದನ್ನೇ ಬಿಟ್ಟ ಸದ್ದುಗಳು ಪಟ್ಟಣದ ಮಗುವಿನ ಕಿವಿಗೆ ನೇರ ಬಡಿಯುತ್ತವೆ. "ಮೇಲೆ ಟಕಟಕ ಅಂದ್ರೆ ಹೆಂಚಿನ ಮೇಲೆ ಇಲಿ ಓಡೋದು. ಢಬ್ ಅಂದ್ರೆ ಅಡಿಕೆ ಹಾಳೆ ಬೀಳೋದು. ನಾಯಿ ಬೊಗಳಿದ್ರೆ ನರಿನೋ ಹಂದಿನೋ ಬಂದಿರತ್ತೆ, ಅದು ಹೊರಗೇ ಇರತ್ತೆ." ಎರಡು ನಿಮಿಷದ ಮಾತು. ಆಲ್ದೂರಿನ ಆ ರಾತ್ರಿಯ ನಂತರ ನಮ್ಮ ಮಗಳನ್ನು ವಿಚಾರಿಸಿದಾಗ ಅವಳು ಅತ್ತದ್ದಕ್ಕೆ ಕಾರಣ ಒಂದೇ ಸದ್ದು ಅಂತ ಗೊತ್ತಾಯಿತು: ನೀರಿನ ಟ್ಯಾಂಕ್ ತುಂಬಿ ಅಟ್ಟದ ಮೇಲಿಂದ ಗೊಳಗೊಳ ಅಂದದ್ದು.

ಕರೆಂಟು ಹೋದರೆ ಯಾವ ಲೈಟು ಎಲ್ಲಿದೆ ಅಂತ ತೋರಿಸಿಡಿ. ಮಂದ ಬೆಳಕಿನ ದೀಪ ಇರಲಿ. ಬಾತ್‌ರೂಮಿಗೆ ಇಬ್ಬರನ್ನೂ ಒಟ್ಟಿಗೆ ಕಳಿಸಿ. ನಿಮ್ಮ ಕೋಣೆಯ ಬಾಗಿಲು ತೆರೆದಿರಲಿ.

ಹಾಸಿಗೆ ಒದ್ದೆಯಾದರೆ ಸದ್ದಿಲ್ಲದೆ ಬಟ್ಟೆ ಬದಲಾಯಿಸಿ, ಒದ್ದೆಯಾದದ್ದನ್ನು ಚೀಲಕ್ಕೆ ಹಾಕಿ ತಾಯಿಯ ಕೈಗೆ ಕೊಡಿ. ನಿಮ್ಮ ಮಗುವಿಗೂ ತಿಳಿಯುವುದು ಬೇಡ. ಸೋಮವಾರ ಅದು ಸ್ಕೂಲಿಗೆ ಗೊತ್ತಾಗಿರುತ್ತದೆ.

ಮಗು ಅತ್ತರೆ ಕೂಡಲೇ ಫೋನಿಗೆ ಕೈ ಹಾಕಬೇಡಿ. ಪಕ್ಕದಲ್ಲಿ ಕೂತು, ಬಾತ್‌ರೂಮಿಗೆ ಕರೆದುಕೊಂಡು ಹೋಗಿ, ಒಂದು ಗುಟುಕು ನೀರು ಕೊಟ್ಟು, ಅವರಮ್ಮ ಕಳಿಸಿದ ಹೊದಿಕೆ ಹೊದಿಸಿ, ಬೇರೇನಾದರೂ ಮಾತಾಡಿ. 20 ನಿಮಿಷ ನೋಡಿ. ನಿಲ್ಲದಿದ್ದರೆ ಫೋನ್ ಮಾಡಿ. ಆದರೆ ಮಗು ಅತ್ತು ಕೇಳದೆ, ಶಾಂತವಾಗಿ "ಅಮ್ಮನ ಹತ್ರ ಮಾತಾಡ್ಬೇಕು" ಅಂದರೆ ಒಂದು ನಿಮಿಷವೂ ತಡ ಮಾಡದೆ ಫೋನ್ ಕೊಡಿ.

ಹಂತ 9: ಆದರೂ ಫೋನ್ ಬಂದರೆ

ಗುಟ್ಟಿನ ಮಾತು ಬಂದರೆ ಪ್ರಶ್ನೆ ಕೇಳದೆ ಹೊರಡಿ (ತೋಟದ ಮನೆಯಾದರೆ ಮೊದಲೇ ಒಪ್ಪಿದಂತೆ ಬೆಳಗಾದ ಮೇಲೆ). ಬರೀ ಅಳು ಬಂದರೆ ಮೊದಲು ಮೂರು ಕೇಳಿ: ಎಲ್ಲಾದರೂ ನೋವಿದೆಯಾ, ಯಾರಾದರೂ ಏನಾದರೂ ಮಾಡಿದರಾ, ಆಂಟಿ ಪಕ್ಕದಲ್ಲಿದ್ದಾರಾ. ಮೊದಲೆರಡಕ್ಕೆ ಇಲ್ಲ, ಮೂರನೆಯದಕ್ಕೆ ಹೌದು ಅಂದರೆ, "ಹದಿನೈದು ನಿಮಿಷ ಬಿಟ್ಟು ನಾನೇ ಫೋನ್ ಮಾಡ್ತೀನಿ, ಆಗ್ಲೂ ಬರ್ಬೇಕು ಅನ್ಸಿದ್ರೆ ಬರ್ತೀನಿ" ಅನ್ನಿ. ಹೇಳಿದ ಹೊತ್ತಿಗೆ ಆಂಟಿಗೆ ಫೋನ್ ಮಾಡಿ. ಸುಮಾರು ಸಲ ಅಷ್ಟರಲ್ಲಿ ನಿದ್ದೆ ಬಂದಿರುತ್ತದೆ. ಮಲಗಿದ್ದರೆ ಎಬ್ಬಿಸಬೇಡಿ, ನಾವು ಮಾಡಿದ ತಪ್ಪು ನೀವು ಮಾಡಬೇಡಿ.

ಕರೆತಂದರೆ ದಾರಿಯಲ್ಲಿ ಆ ಮಾತು ಎತ್ತಬೇಡಿ. ಮರುದಿನ ನೆಂಟರ ಎದುರು "ರಾತ್ರಿ ಎಲ್ಲಾ ಅತ್ತು ರಂಪ ಮಾಡಿದ್ಲು" ಅಂತ ಕಥೆ ಮಾಡಿದರೆ ಇನ್ನೊಂದು ವರ್ಷ ಆ ಮಗು ಯಾರ ಮನೆಗೂ ಹೋಗುವುದಿಲ್ಲ.

ಹಂತ 10: ಕಾಯಬಾರದ ಚಿಹ್ನೆಗಳು

ಇವುಗಳಲ್ಲಿ ಯಾವುದಾದರೂ ಕಂಡರೆ 20 ನಿಮಿಷದ ನಿಯಮವಿಲ್ಲ. 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ, ಆಮೇಲೆ ತಾಯಿತಂದೆಗೆ.

ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುವುದು, ತುಟಿ ಊದುವುದು ಅಥವಾ ನೀಲಿಯಾಗುವುದು. ಒಂದೇ ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ವಾಂತಿ, ಮಂಪರು ಬಂದರೆ ಊಟದ ದೋಷ ಅಂತ ಕೂರಬೇಡಿ. ಬಾಗಿಲು ಕಿಟಕಿ ತೆಗೆದು ಎಲ್ಲರನ್ನೂ ಹೊರಗೆ ತನ್ನಿ, ಅದು ಗೀಸರ್ ಅಥವಾ ಅಗ್ಗಿಷ್ಟಿಕೆಯ ವಿಷವಿರಬಹುದು. ಹಾವು ಕಚ್ಚಿದರೆ ಕಟ್ಟುವುದು, ಕೊಯ್ಯುವುದು, ನಾಟಿ ಔಷಧಿ ಯಾವುದೂ ಬೇಡ; ಕೈಕಾಲು ಅಲುಗಾಡದಂತೆ ಹಿಡಿದು ಆಸ್ಪತ್ರೆಗೆ. ನಾಯಿ ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಲಸಿಕೆ. ಮನೆಯ ನಾಯಿಯೇ ಆದರೂ.

ಇನ್ನೊಂದು ಬಗೆಯ ಚಿಹ್ನೆ ಮನೆಗೆ ಬಂದ ಮೇಲೆ ಕಾಣುತ್ತದೆ. ಚೆನ್ನಾಗಿಯೇ ಇದ್ದ ಗೆಳೆತನ ಇದ್ದಕ್ಕಿದ್ದಂತೆ ಬೇಡವಾಗುವುದು, ಆ ಮನೆಯ ಒಬ್ಬರ ಹೆಸರು ಬಂದರೆ ಸುಮ್ಮನಾಗುವುದು, ಸ್ನಾನಕ್ಕೆ, ಬಟ್ಟೆ ಬದಲಾಯಿಸಲು ಹಠ. ಹೀಗಾದರೆ ಗದರಿ ಕೇಳಬೇಡಿ, ಹೇಳಿದ್ದನ್ನು ನಂಬಿ ಕೇಳಿಸಿಕೊಳ್ಳಿ. ಮಕ್ಕಳ ಸಹಾಯವಾಣಿ 1098.

ಹಂತ 11: ಬೆಳಿಗ್ಗೆ ಮತ್ತು ಮುಂದಿನ ಸಲ

ಹೇಳಿದ ಹೊತ್ತಿಗೇ ಹೋಗಿ, ಹತ್ತು ಅಂದರೆ ಹತ್ತು. "ಹೇಗಿತ್ತು?" ಅಂತ ಕೇಳಿದರೆ "ಚೆನ್ನಾಗಿತ್ತು" ಅಂತ ಒಂದೇ ಉತ್ತರ ಬರುತ್ತದೆ. "ರಾತ್ರಿ ಎಚ್ಚರ ಆಯ್ತಾ? ಆಗ ಏನ್ ಮಾಡ್ದೆ?" ಅಂತ ಕೇಳಿ. ಅದರ ಉತ್ತರದಲ್ಲಿ ಮುಂದಿನ ಸಲಕ್ಕೆ ಏನು ಬೇಕು ಅನ್ನುವುದೆಲ್ಲ ಇರುತ್ತದೆ. ಅವತ್ತು ಮಧ್ಯಾಹ್ನ ಮಗು ಕಾರಣವಿಲ್ಲದೆ ಸಿಡುಕುತ್ತದೆ, ನಿದ್ದೆ ಸಾಲದ್ದಕ್ಕೆ. ಅವತ್ತೇ ನೆಂಟರ ಮನೆಯ ಗೃಹಪ್ರವೇಶ ಇಟ್ಟುಕೊಳ್ಳಬೇಡಿ.

ತಿಂಗಳೊಳಗೆ ಆ ಮಗುವನ್ನು ನಿಮ್ಮ ಮನೆಗೆ ಕರೆಯಿರಿ. ಕರೆಯುವ ಮೊದಲು ಒಂದು ರಾತ್ರಿ ದೀಪ ಆರಿಸಿ, ಆ ಮಗು ಮಲಗುವ ಜಾಗದಲ್ಲಿ ನೀವೇ ಹತ್ತು ನಿಮಿಷ ಮಲಗಿ ನೋಡಿ. ನಮ್ಮ ಮನೆಯಲ್ಲಿ ಹಾಗೆ ಮಲಗಿದಾಗಲೇ ಗೊತ್ತಾದದ್ದು, ಫ್ರಿಜ್ ಪ್ರತಿ ಅರ್ಧ ಗಂಟೆಗೆ ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ ಕೆಮ್ಮುತ್ತದೆ, ಬಾತ್‌ರೂಮಿನ ಸ್ವಿಚ್ ಒಂಬತ್ತು ವರ್ಷದ ಕೈಗೆ ಎಟುಕುವುದಿಲ್ಲ ಅಂತ. ಈಗ ಆ ಬಾಗಿಲ ಪಕ್ಕ ಒಂದು ಮಣೆ ಇಟ್ಟಿದ್ದೇವೆ.